ಹಗ್ಗ ಎಳೆದದ್ದು ಹಿಂದೆ, ಗಂಟೆ ಹೊಡೆದದ್ದು ಮುಂದೆ

"ನೋವು ಹಿಮ್ಮಡಿಯಲ್ಲಿ, ಕುಯ್ದದ್ದು ಮೀನಖಂಡವನ್ನು. ಡಾಕ್ಟ್ರಿಗೆ ಜಾಗ ತಪ್ಪಿದೆ ಮಾರಾಯ. ನೀನು ಸುಮ್ಮನೆ ಬಿಡಬೇಡ."

ವೇಣೂರು ಪೇಟೆಯ ಚಾದಂಗಡಿಯಲ್ಲಿ ನನ್ನ ಎಡಗಾಲಿನ ಬಗ್ಗೆ ಪಂಚಾತಿಕೆ ನಡೆದು ಬಂದ ತೀರ್ಪು ಇದು. ಬೂಟು ಬಿಚ್ಚಿ ಹೊಲಿಗೆಯ ಗೆರೆ ತೋರಿಸಿದ್ದೇ ನನ್ನ ತಪ್ಪು. ಗೆರೆ ಇದ್ದದ್ದು ಹಿಮ್ಮಡಿಯಿಂದ ಒಂದು ಗೇಣಿಗಿಂತ ಮೇಲೆ, ಕಾಲಿನ ಒಳಮಗ್ಗುಲಲ್ಲಿ. ಮೂರು ವರ್ಷದಿಂದ ನಾನು "ಹಿಮ್ಮಡಿ, ಹಿಮ್ಮಡಿ" ಎಂದು ಕುಂಟುತ್ತಿದ್ದದ್ದನ್ನು ಕಂಡವರಿಗೆ ಆ ಗೆರೆ ಒಪ್ಪಿಗೆಯಾಗಲಿಲ್ಲ. ಒಬ್ಬರು ಗ್ರಾಹಕರ ಕೋರ್ಟಿಗೆ ಹೋಗು ಅಂದರು. ಇನ್ನೊಬ್ಬರು, ಹೋಗಲಿ ಬಿಡು, ಕಾಲಾದರೂ ಅದೇ ಕಾಲಲ್ಲವಾ, ಬಲಗಾಲು ಕುಯ್ಯಲಿಲ್ಲವಲ್ಲ ಎಂದು ಸಮಾಧಾನ ಹೇಳಿದರು. ಈ ಬರಹ ಆ ತೀರ್ಪಿನ ಮೇಲೆ ನನ್ನ ಮೇಲ್ಮನವಿ.

ನಾನು ಬಸ್ ಕಂಡಕ್ಟರ್. ಮೂಡುಬಿದಿರೆ–ಬೆಳ್ತಂಗಡಿ ಮಾರ್ಗದ ಖಾಸಗಿ ಬಸ್ಸಿನಲ್ಲಿ 23 ವರ್ಷ ಆಯಿತು. ಹೊಸಂಗಡಿ, ಪೆರಿಂಜೆ, ವೇಣೂರು, ಪಡಂಗಡಿ, ಗುರುವಾಯನಕೆರೆ; ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸ್ಟಾಪುಗಳನ್ನು ಹಿಂದುಮುಂದಾಗಿ ಹೇಳುತ್ತೇನೆ. ಸೀಟಿನಲ್ಲಿ ಕೂರುವ ಕೆಲಸ ಡ್ರೈವರಿನದು. ನನ್ನದು ನಿಲ್ಲುವ ಕೆಲಸ, ಅದೂ ಎರಡು ಕಾಲು ಸಮ ಊರಿ ನಿಲ್ಲುವುದಲ್ಲ. ಬಸ್ಸು ತುಂಬಿದಾಗ ಒಂದು ಕಾಲು ಮೇಲಿನ ಮೆಟ್ಟಿಲಿನಲ್ಲಿ, ಇನ್ನೊಂದರ ಮುಂಗಾಲು ಮಾತ್ರ ಕೆಳಗಿನ ಮೆಟ್ಟಿಲಿನ ಅಂಚಿನಲ್ಲಿ, ಹಿಮ್ಮಡಿ ಗಾಳಿಯಲ್ಲಿ. ಬಗಲಲ್ಲಿ ಬ್ಯಾಗ್, ಬೆರಳ ಸಂದಿಯಲ್ಲಿ ನೋಟು, ಬಾಯಲ್ಲಿ "ಬೆದ್ರ ಬೆದ್ರ ಬೆದ್ರ". ಹೊರಗಿನ ಓದುಗರಿಗೆ ಹೇಳುವುದಾದರೆ, ತುಳುವಿನಲ್ಲಿ ಮೂಡುಬಿದಿರೆಗೆ ಬೆದ್ರ ಎನ್ನುತ್ತಾರೆ.

2021ರ ಮಳೆಗಾಲದಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಮೊದಲ ಹೆಜ್ಜೆ ಊರಿದ ಕೂಡಲೇ ಎಡ ಹಿಮ್ಮಡಿಯ ಅಡಿಗೆ ಕಬ್ಬಿಣದ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆಗೆ ಸ್ವಲ್ಪ ಕಡಿಮೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇನ್ನೂ ಕಡಿಮೆ. ಮೊದಲ ಟ್ರಿಪ್ಪಿಗೆ ನೆನಪೇ ಇರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಪುನಃ ಮೊಳೆ. ಈ ಲಕ್ಷಣವೇ ರೋಗದ ಗುರುತು. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಪಾದದ ಕಮಾನನ್ನು ಹಿಡಿದು ನಿಲ್ಲಿಸುವುದು ಅದು. ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಆ ಪಟ್ಟಿ ದಿನಾ ಎಳೆತಕ್ಕೆ ಸಿಕ್ಕಿ ಸವೆಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಗೆ ವಾಲಿ ಪಟ್ಟಿ ಗಿಡ್ಡವಾಗುತ್ತದೆ, ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಹಿಗ್ಗಬೇಕಾಗುತ್ತದೆ. ಆಗಿನ ನೋವು ಅದು. ಡಾಕ್ಟರುಗಳ ಚೀಟಿಯಲ್ಲಿ ಇದರ ಹೆಸರು ಪ್ಲಾಂಟರ್ ಫೇಶಿಯೈಟಿಸ್. ನಮ್ಮ ಆಯುರ್ವೇದದಲ್ಲಿ ವಾತಕಂಟಕ. ಕಾಲಿಟ್ಟದ್ದು ಸರಿಯಾಗದೆ, ಇಲ್ಲವೇ ದಣಿವಿನಿಂದ ಬರುವ ನೋವು ಎಂದು ಹಳೆಯ ಗ್ರಂಥಗಳು ಹೇಳಿವೆಯಂತೆ. ಕಂಟಕ ಅಂದರೆ ಮುಳ್ಳು. ಇಂಗ್ಲಿಷ್ ಹೆಸರಿಗಿಂತ ಈ ಹೆಸರು ಇಟ್ಟವನಿಗೇ ಹೆಚ್ಚು ನೋವಾಗಿತ್ತು ಎಂದು ನನ್ನ ಅನುಮಾನ.

ಮದ್ದು ಹೇಳದವರು ಯಾರು? ಅರ್ಧ ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು, ಹಿಮ್ಮಡಿಯನ್ನು ಒತ್ತಿ ಹಿಡಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಬಿಸಿ ಹಿತವಾಗುತ್ತದೆ, ಸುಳ್ಳಲ್ಲ. ಅರ್ಧ ಗಂಟೆ ಹಿತ. ನಂತರ ಎಂಸಿಆರ್ ಚಪ್ಪಲಿ ಬಂತು. ಮೆತ್ತಗಿನ ಆ ಚಪ್ಪಲಿಯನ್ನು ಬಸ್ಸಿನಲ್ಲಿ ಹಾಕಿದ ವಾರದಲ್ಲೇ ಮಳೆನೀರಿಗೆ ಮೆಟ್ಟಿಲಲ್ಲಿ ಜಾರಿದೆ. ಆಮೇಲೆ ಎಕ್ಸ್‌ರೇ. ಹಿಮ್ಮಡಿ ಮೂಳೆಯ ಅಡಿಯಲ್ಲಿ ಕೋಳಿಯ ಉಗುರಿನ ಹಾಗೆ ಒಂದು ಕೊಕ್ಕೆ. "ಮೂಳೆ ಬೆಳೆದಿದೆ" ಅಂದರು. ಎರಡು ವರ್ಷ ನಾನು ಆ ಎಕ್ಸ್‌ರೇ ಹಿಡಿದುಕೊಂಡು ಕಂಡಕಂಡವರಿಗೆ ಬೆಳೆದ ಮೂಳೆ ತೋರಿಸಿದ್ದೇನೆ, ಮಗನ ಮಾರ್ಕ್ಸ್‌ಕಾರ್ಡ್ ತೋರಿಸಿದ ಹಾಗೆ. ಆ ಕೊಕ್ಕೆ ನೋವೇ ಇಲ್ಲದ ಎಷ್ಟೋ ಜನರಿಗೂ ಇರುತ್ತದೆ, ನೋವಿಗೆ ಕಾರಣ ಅದಲ್ಲ ಎಂದು ಗೊತ್ತಾದದ್ದು ಬಹಳ ತಡವಾಗಿ.

ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ನೂ ಆಯಿತು. ಕೊಡುವಾಗ ಕಣ್ಣಲ್ಲಿ ನೀರು ಬಂತು, ಆದರೆ ಎರಡು ತಿಂಗಳು ಸ್ವರ್ಗ. ಮತ್ತೆ ನೋವು ಬಂದಾಗ ಇನ್ನೊಂದು ಕೊಡಿ ಎಂದು ನಾನೇ ಕೇಳಿಕೊಂಡು ಹೋದೆ. ಪದೇ ಪದೇ ಕೊಟ್ಟರೆ ಹಿಮ್ಮಡಿಯ ಅಡಿಯ ಕೊಬ್ಬಿನ ಮೆತ್ತೆ ಕರಗಬಹುದು, ಪಟ್ಟಿಯೇ ಹರಿಯಬಹುದು ಎಂದು ಹೇಳಿ ಕಳಿಸಿದರು. ಆ ದಿನ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಕೃತಜ್ಞತೆ ಇದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಯಾರಾದರೂ ಈ ಪುಟ ಕತ್ತರಿಸಿಕೊಂಡು ಆಸ್ಪತ್ರೆಗೆ ಓಡಿಯಾರು. ಹಿಮ್ಮಡಿ ನೋವು ಬಂದ 100 ಜನರಲ್ಲಿ 80ರಿಂದ 90 ಜನರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಸರಿಯಾದ ವ್ಯಾಯಾಮ, ಸರಿಯಾದ ಚಪ್ಪಲಿ, ಸ್ವಲ್ಪ ತೂಕ ಇಳಿಸುವುದು, ತಾಳ್ಮೆ. ನಾನು ಉಳಿದ ಸಣ್ಣ ಗುಂಪಿನವನು.

2023ರ ಅಕ್ಟೋಬರಿನಲ್ಲಿ, ಮಂಗಳೂರಿನಲ್ಲಿ ಪಾದವನ್ನೇ ಹೆಚ್ಚಾಗಿ ನೋಡುವ ಒಬ್ಬರು ಮೂಳೆ ಡಾಕ್ಟರ ಬಳಿ ಹೋದೆ. ಎಕ್ಸ್‌ರೇ ತೆಗೆದುಕೊಟ್ಟರೆ ಅವರು ಮೇಜಿನ ಮೇಲಿಟ್ಟು ನೋಡಲೇ ಇಲ್ಲ. "ಮಲಗಿ" ಅಂದರು. ಮೊಣಕಾಲು ನೇರ ಇಟ್ಟು, ಹಿಮ್ಮಡಿ ಹಿಡಿದು, ಪಾದವನ್ನು ನನ್ನ ಮುಖದ ಕಡೆಗೆ ಮೇಲೆತ್ತಿ ಬಗ್ಗಿಸಲು ನೋಡಿದರು. ಬರಲಿಲ್ಲ. ಲಂಬಕೋನಕ್ಕಿಂತ ಐದು ಡಿಗ್ರಿ ಹಿಂದೆಯೇ ಬಾಗಿಲಿಗೆ ಚಿಲಕ ಹಾಕಿದ ಹಾಗೆ ನಿಂತಿತು. "ಈಗ ಮೊಣಕಾಲು ಮಡಚಿ" ಅಂದರು. ಮಡಚಿದೆ. ಅದೇ ಪಾದ ಸಲೀಸಾಗಿ ಮೇಲೆ ಬಂತು.

"ನಿಮ್ಮ ತೊಂದರೆ ಇರುವುದು ಇಲ್ಲಿ" ಎಂದು ಅವರು ತಟ್ಟಿದ್ದು ಮೀನಖಂಡವನ್ನು. ನನಗೂ ಚಾದಂಗಡಿಯವರ ಹಾಗೆಯೇ ಅನ್ನಿಸಿತು: ಜಾಗ ತಪ್ಪಿದೆ.

ಅವರು ವಿವರಿಸಿದ್ದನ್ನು ನಾನು ನನ್ನ ಕೆಲಸದ ಭಾಷೆಗೆ ತಂದುಕೊಂಡಿದ್ದೇನೆ. ಹಳೆಯ ಬಸ್ಸುಗಳಲ್ಲಿ ಚಾವಣಿಯ ಉದ್ದಕ್ಕೂ ಒಂದು ಹಗ್ಗ ಇರುತ್ತಿತ್ತು, ನೆನಪಿದೆಯಾ? ಹಿಂದಿನ ಬಾಗಿಲಲ್ಲಿ ಕಂಡಕ್ಟರ್ ಎಳೆದರೆ ಡ್ರೈವರಿನ ತಲೆಯ ಬಳಿ ಗಂಟೆ ಹೊಡೆಯುತ್ತಿತ್ತು. ಗಂಟೆಯ ಸದ್ದು ನಿಲ್ಲಬೇಕಾದರೆ ಗಂಟೆಗೆ ಬಟ್ಟೆ ಸುತ್ತಿ ಪ್ರಯೋಜನವಿಲ್ಲ. ಹಿಂದೆ ಎಳೆಯುವವನ ಕೈ ಬಿಡಿಸಬೇಕು. ಇಟ್ಟಿಗೆ, ಚಪ್ಪಲಿ, ಇಂಜೆಕ್ಷನ್ ಎಂದು ಎರಡು ವರ್ಷ ನಾನು ಗಂಟೆಗೆ ಬಟ್ಟೆ ಸುತ್ತಿದ್ದೆ.

ಮೀನಖಂಡ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವ ಕಡೆ ಒಂದರ ಮೇಲೊಂದು ಎರಡು ಮಾಂಸಖಂಡಗಳಿವೆ. ಮೇಲಿನದು ಗ್ಯಾಸ್ಟ್ರೋಕ್ನೀಮಿಯಸ್. ಅದು ಮೊಣಕಾಲಿಗಿಂತ ಮೇಲೆ, ತೊಡೆಯ ಮೂಳೆಯಲ್ಲಿ ಶುರುವಾಗುತ್ತದೆ. ಕೆಳಗಿನದು ಸೋಲಿಯಸ್, ಮೊಣಕಾಲಿನ ಕೆಳಗೆ ಶುರು. ಇಬ್ಬರೂ ಕೆಳಗೆ ಬಂದು ಒಂದೇ ದಪ್ಪ ಹುರಿಯಾಗಿ ಹಿಮ್ಮಡಿಯ ಹಿಂಬದಿಗೆ ಅಂಟುತ್ತಾರೆ. ಅಕಿಲಿಸ್ ಎನ್ನುವುದು ಆ ಹುರಿಗೆ. ಸೋಲಿಯಸ್ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ಸೋಲಿಯಾ. ಅದಕ್ಕೆ ಚಪ್ಪಲಿ ಎಂದೂ ಅರ್ಥ, ಚಪ್ಪಟೆ ಮೀನು ಎಂದೂ ಅರ್ಥ. ಆ ಚಪ್ಪಟೆ ಮೀನಿನ ಬಳಗದ್ದೇ ನಮ್ಮ ಕರಾವಳಿಯ ನಂಗ್. ಎಲ್ಲಿಯ ರೋಮ್, ಎಲ್ಲಿಯ ಕನ್ನಡ, ಕಾಲಿನ ಹಿಂದೆ ಮೀನನ್ನು ಕಂಡದ್ದು ಎರಡು ಭಾಷೆಯವರೂ!

ಈಗ ನಡೆಯುವಾಗ ಏನಾಗುತ್ತದೆ ನೋಡಿ. ಒಂದು ಕಾಲು ನೆಲದಲ್ಲಿರುವಾಗ ದೇಹ ಅದರ ಮೇಲಿಂದ ಮುಂದಕ್ಕೆ ದಾಟಬೇಕು. ಆ ಗಳಿಗೆಯಲ್ಲಿ ಮೊಣಕಾಲು ನೇರ ಇರುತ್ತದೆ, ಪಾದದ ಕೀಲು ಲಂಬಕೋನವನ್ನು ದಾಟಿ ಸುಮಾರು ಹತ್ತು ಡಿಗ್ರಿ ಬಾಗಬೇಕಾಗುತ್ತದೆ. ಮೇಲಿನ ಮಾಂಸಖಂಡ ಗಿಡ್ಡವಿದ್ದರೆ ಬಾಗುವುದಿಲ್ಲ. ಹಿಮ್ಮಡಿ ಹೊತ್ತಿಗೆ ಮುಂಚೆಯೇ ಮೇಲೇಳುತ್ತದೆ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಕಮಾನು ಕುಸಿಯುತ್ತದೆ, ಅಂಗಾಲಿನ ಪಟ್ಟಿ ಎಳೆತಕ್ಕೆ ಸಿಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ, ಸಾವಿರಾರು ಎಳೆತ. ಇಷ್ಟೇ ಗುಟ್ಟು.

ಮೊಣಕಾಲು ನೇರ ಇಟ್ಟು ಒಮ್ಮೆ, ಮಡಚಿ ಒಮ್ಮೆ ನೋಡುವ ಆ ಪರೀಕ್ಷೆಗೆ ಸ್ವೀಡನ್ನಿನ ಮೂಳೆ ಡಾಕ್ಟರ್ ನಿಲ್ಸ್ ಸಿಲ್ವರ್‌ಶೋಲ್ಡ್ ಅವರ ಹೆಸರಿದೆ. 1924ರಲ್ಲಿ ಅವರು ಬರೆದದ್ದು ಪಾರ್ಶ್ವವಾಯುವಿನಿಂದ ಕಾಲು ಸೆಟೆದವರ ಬಗ್ಗೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ತಂಡದಲ್ಲಿದ್ದು ಚಿನ್ನ ಗೆದ್ದವರು ಅವರು. ಯಾವ ಮಾಂಸ ಯಾವ ಕೀಲನ್ನು ಹಿಡಿದಿದೆ ಎಂದು ಅವರಿಗೆ ಮೈಯಲ್ಲೇ ಗೊತ್ತಿದ್ದಿರಬೇಕು. ಈ ಪರೀಕ್ಷೆಗೆ ಯಂತ್ರ ಬೇಡ, ದುಡ್ಡು ಬೇಡ, ಎರಡು ನಿಮಿಷ ಸಾಕು. ಎರಡು ವರ್ಷದಲ್ಲಿ ನಾನು ತೋರಿಸಿಕೊಂಡ ಕಡೆ ಯಾರೂ ಅದನ್ನು ಮಾಡಿರಲಿಲ್ಲ ಎಂಬುದು ಮಾತ್ರ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಫುಟ್‌ಬೋರ್ಡಿನಲ್ಲಿ ಮುಂಗಾಲ ಮೇಲೆ ನಿಂತದ್ದರಿಂದಲೇ ಹೀಗಾಯಿತಾ ಎಂದು ಕೇಳಿದೆ. "ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಕೆಲವರದ್ದು ಹುಟ್ಟಿನಿಂದಲೇ ಗಿಡ್ಡ. ನಿಮ್ಮ ಕೆಲಸ ಅದನ್ನು ಬಯಲಿಗೆ ತಂದಿರಬಹುದು" ಅಂದರು. ಆಪರೇಷನ್ನಿನ ಮಾತನ್ನು ಆ ದಿನ ಎತ್ತಲೇ ಇಲ್ಲ. ವ್ಯಾಯಾಮ ಮಾಡಿ ಅಂದರು. ಒಂದು ವರ್ಷದಿಂದ ಮಾಡುತ್ತಿದ್ದೇನೆ ಎಂದೆ. ಮಾಡಿ ತೋರಿಸಿ ಅಂದರು. ಗೋಡೆಗೆ ಕೈ ಊರಿ, ಒಂದು ಕಾಲು ಹಿಂದಿಟ್ಟು, ಬಗ್ಗಿ ತೋರಿಸಿದೆ. ಅವರು ನಕ್ಕರು. ನಾನು ಹಿಂದಿನ ಕಾಲಿನ ಮೊಣಕಾಲು ಮಡಚಿದ್ದೆ, ಪಾದ ಹೊರಗಡೆ ತಿರುಗಿಸಿದ್ದೆ. ಮೊಣಕಾಲು ಮಡಚಿದರೆ ಮೇಲಿನ ಮಾಂಸಖಂಡ ಸಡಿಲ ಬಿಟ್ಟು ಕೂರುತ್ತದೆ, ಹಿಗ್ಗುವುದು ಕೆಳಗಿನ ಸೋಲಿಯಸ್ ಮಾತ್ರ. ಒಂದು ವರ್ಷ ನಾನು ತಪ್ಪಿಲ್ಲದವನಿಗೆ ಶಿಕ್ಷೆ ಕೊಡುತ್ತಿದ್ದೆ. ಸರಿಯಾದ ಕ್ರಮ ಹೀಗೆ: ಹಿಂದಿನ ಕಾಲಿನ ಮೊಣಕಾಲು ಕೋಲಿನ ಹಾಗೆ ನೇರ, ಹಿಮ್ಮಡಿ ನೆಲಕ್ಕೆ ಅಂಟಿಕೊಂಡು, ಬೆರಳು ಗೋಡೆಯತ್ತ ನೆಟ್ಟಗೆ. ಮುಂದಕ್ಕೆ ವಾಲಿ ಮೂವತ್ತು ಸೆಕೆಂಡು.

ಮನೆಯಲ್ಲಿ ಆ ಮೂವತ್ತು ಸೆಕೆಂಡಿಗೆ ಗಡಿಯಾರ ಬೇಕಾಗಲಿಲ್ಲ. ನನ್ನ ಹೆಂಡತಿ ಬೀಡಿ ಕಟ್ಟುತ್ತಾಳೆ. ಕೈ ಪಳಗಿದವರು ಎಂಟು ಗಂಟೆ ಚಿಲ್ಲರೆಯಲ್ಲಿ ಸಾವಿರ ಬೀಡಿ ಮುಗಿಸುತ್ತಾರೆ, ಲೆಕ್ಕ ಹಾಕಿ, ಬೀಡಿಗೆ ಮೂವತ್ತೇ ಸೆಕೆಂಡು. ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟು ಅವಳು ಒಂದು ಬೀಡಿ ಸುತ್ತಿ ಬಾಯಿ ಮಡಚುವವರೆಗೆ ನಾನು ಗೋಡೆ ತಳ್ಳುವುದು. "ಆಯ್ತು" ಅಂದರೆ ಕಾಲು ಬದಲು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಬೀಡಿ.

ಆರು ತಿಂಗಳು ಮಾಡಿದೆ. ಸುಧಾರಿಸಿತು, ಆದರೆ ಹೋಗಲಿಲ್ಲ. ನಡುವೆ ವೇಣೂರಿಗೆ ದೊಡ್ಡ ಹಬ್ಬ ಬಂತು. 2024ರ ಫೆಬ್ರವರಿ 22ರಿಂದ ಮಾರ್ಚ್ 1ರವರೆಗೆ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ, ಹನ್ನೆರಡು ವರ್ಷಕ್ಕೊಮ್ಮೆ. 1604ರಲ್ಲಿ ಅಜಿಲ ಅರಸ ತಿಮ್ಮಣ್ಣ ನಿಲ್ಲಿಸಿದ 35 ಅಡಿಯ ಮೂರ್ತಿ, ಫಲ್ಗುಣಿ ನದಿಯ ದಡದಲ್ಲಿ. ಒಂಬತ್ತು ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕಲೆಕ್ಷನ್ ಬ್ಯಾಗಿಗೆ ಝಿಪ್ ಹಾಕಲು ಆಗುತ್ತಿರಲಿಲ್ಲ. ಕೊನೆಯ ದಿನ ರಾತ್ರಿ ಕೆಲಸ ಮುಗಿಸಿ ನಾನೂ ಹೋದೆ. ಅಟ್ಟಳಿಗೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತರೆ ಹಿಮ್ಮಡಿ ಊರಲು ಆಗುತ್ತಿಲ್ಲ. ಎದುರಿಗೆ ಅವನು, ಎರಡೂ ಮೊಣಕಾಲು ನೇರ, ಎರಡೂ ಹಿಮ್ಮಡಿ ನೆಲಕ್ಕೆ, 420 ವರ್ಷದಿಂದ. ಆ ಹೊತ್ತಿನಲ್ಲಿ ನನಗೆ ಭಕ್ತಿಗಿಂತ ಹೊಟ್ಟೆಕಿಚ್ಚು ಹೆಚ್ಚು ಬಂತು ಎಂದರೆ ಕ್ಷಮಿಸಬೇಕು.

ಏಪ್ರಿಲಿನಲ್ಲಿ ಡಾಕ್ಟರೇ ಮಾತು ತೆಗೆದರು. ಗ್ಯಾಸ್ಟ್ರೋಕ್ನೀಮಿಯಸ್ ರಿಸೆಷನ್. ಮೀನಖಂಡದ ಮೇಲಿನ ಮಾಂಸಖಂಡ ಕೆಳಗೆ ಬರುತ್ತಾ ಒಂದು ತೆಳುವಾದ, ಬಿಳಿಯ, ಹಾಳೆಯಂತಹ ಪೊರೆಯಾಗುತ್ತದೆ. ಆ ಪೊರೆಯನ್ನು ಅಡ್ಡಕ್ಕೆ ಕತ್ತರಿಸಿ ಪಾದವನ್ನು ಮೇಲೆತ್ತಿದರೆ ಕತ್ತರಿಸಿದ ಅಂಚುಗಳು ಒಂದೆರಡು ಸೆಂಟಿಮೀಟರ್ ದೂರ ಸರಿಯುತ್ತವೆ, ನಡುವಿನ ಜಾಗವನ್ನು ದೇಹವೇ ತುಂಬಿಸಿಕೊಳ್ಳುತ್ತದೆ. ಅಕಿಲಿಸ್ ಹುರಿಯನ್ನು ಮುಟ್ಟುವುದಿಲ್ಲ, ಸೋಲಿಯಸ್ಸನ್ನು ಮುಟ್ಟುವುದಿಲ್ಲ. ಜರ್ಮನಿಯ ವುಲ್ಪಿಯಸ್ ಮತ್ತು ಸ್ಟೋಫೆಲ್ 1913ರಲ್ಲೇ ಇಂಥದ್ದೊಂದನ್ನು ವಿವರಿಸಿದ್ದರು, ಅಮೆರಿಕದ ಸ್ಟ್ರೇಯರ್ 1950ರಲ್ಲಿ ಅದಕ್ಕೆ ಈಗಿನ ರೂಪಕ್ಕೆ ಹತ್ತಿರದ ರೂಪ ಕೊಟ್ಟರು. ಆಗೆಲ್ಲ ಇದು ಮುಖ್ಯವಾಗಿ ಮೆದುಳಿನ ತೊಂದರೆಯಿಂದ ತುದಿಗಾಲಲ್ಲಿ ನಡೆಯುವ ಮಕ್ಕಳಿಗೆ. ನನ್ನಂಥ ಹಿಮ್ಮಡಿ ನೋವಿನವರಿಗೆ ಮಾಡತೊಡಗಿದ್ದು ಈಚಿನ ದಶಕಗಳಲ್ಲಿ.

ಅಪಾಯವನ್ನೂ ಬಿಡಿಸಿ ಹೇಳಿದರು. ಮೀನಖಂಡದ ಹಿಂದೆ ಸೂರಲ್ ಎಂಬ ನರ ಇಳಿಯುತ್ತದೆ, ಅದಕ್ಕೆ ಪೆಟ್ಟಾದರೆ ಪಾದದ ಹೊರಮಗ್ಗುಲು ಜೋಮು ಹಿಡಿಯಬಹುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಾಯ ಕೀವಾಗಬಹುದು. ನೋವು ಪೂರ್ತಿ ಹೋಗದೆಯೂ ಇರಬಹುದು. ಮತ್ತೊಂದು, ಕಾಲಿನ ತಳ್ಳುವ ಬಲ ಸ್ವಲ್ಪ ಕಾಲ ಕುಂದುತ್ತದೆ, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. "ಕಂಬಳದಲ್ಲಿ ಕೋಣ ಓಡಿಸುವವ ಬಂದಿದ್ದರೆ ನಾನು ಹತ್ತು ಸಲ ಯೋಚಿಸುತ್ತಿದ್ದೆ" ಅಂದರು. ನಮ್ಮ ವೇಣೂರು–ಪೆರ್ಮುಡದ ಸೂರ್ಯ–ಚಂದ್ರ ಜೋಡುಕೆರೆ ಕಂಬಳದಲ್ಲಿ 2020ರ ಫೆಬ್ರವರಿಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರ್ ಕೆರೆ ಓಡಿದ್ದನ್ನು 100 ಮೀಟರಿಗೆ ಇಳಿಸಿ 9.51 ಸೆಕೆಂಡು ಎಂದು ಲೆಕ್ಕ ಹಾಕಿದ್ದರು. ಕೆಸರಿನಿಂದ ಕಾಲು ಕಿತ್ತು ಚಿಮ್ಮುವುದು ಈ ಮಾಂಸಖಂಡದ ಬಲದಲ್ಲಿ. ನಾನು ಹೇಳಿದೆ, "ಡಾಕ್ಟ್ರೇ, ನನಗೆ ಬೆದ್ರ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿಗೆ ಹಾರುವಷ್ಟು ಸಾಕು."

ಜೂನ್ ಎರಡನೇ ವಾರ ಆಪರೇಷನ್. ಹೇಳಲು ಹೆಚ್ಚಿಲ್ಲ. ಬೆನ್ನಿಗೆ ಸೂಜಿ, ಸೊಂಟದ ಕೆಳಗೆ ಮರಗಟ್ಟಿತು, ಕವುಚಿ ಮಲಗಿಸಿದರು. ಮುಕ್ಕಾಲು ಗಂಟೆ. ಯಾರೋ ಎಸಿ ಕಡಿಮೆ ಮಾಡಿ ಅಂದದ್ದು ನೆನಪಿದೆ. ಮೂರು ಬೆರಳು ಅಗಲದ ಗಾಯ. ಮುಗಿದ ಮೇಲೆ ಡಾಕ್ಟರು ಹೇಳಿದರು, ಮೊಣಕಾಲು ನೇರ ಇಟ್ಟರೂ ಪಾದ ಈಗ ಲಂಬಕೋನ ದಾಟಿ ಹತ್ತು ಡಿಗ್ರಿ ಬರುತ್ತಿದೆ ಎಂದು. ಮೊಣಕಾಲ ಕೆಳಗಿನವರೆಗೆ ಬರುವ ದೊಡ್ಡ ಕಪ್ಪು ಬೂಟು ಹಾಕಿಸಿ ಎರಡನೇ ದಿನ ಕಳಿಸಿದರು. ಖರ್ಚು ನನ್ನ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ ಆಯಿತು, ಜೊತೆಗೆ ನಾಲ್ಕು ತಿಂಗಳು ಸಂಬಳವಿಲ್ಲ. ಆಪರೇಷನ್ನಿನ ಬಿಲ್ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಕೂತ ದಿನಗಳ ಬಿಲ್ ಯಾರೂ ಕೇಳುವುದಿಲ್ಲ. ಈ ಲೆಕ್ಕ ಮೊದಲೇ ಹಾಕಿಕೊಳ್ಳದೆ ಯಾರೂ ಇದಕ್ಕೆ ಹೋಗಬಾರದು.

ಹೇಳಬೇಕಾದದ್ದು ಮನೆಗೆ ಬಂದ ನಂತರದ್ದು. ಜೂನ್ ಅಂದರೆ ನಮ್ಮಲ್ಲಿ ಸುರಿಯುವ ಮಳೆ. ಅಂಗಳದಿಂದ ಜಗಲಿಗೆ ಮೂರು ಕೆಂಪು ಕಲ್ಲಿನ ಮೆಟ್ಟಿಲು, ಪಾಚಿ ಹಿಡಿದದ್ದು. ಬಚ್ಚಲು ಮನೆಯ ಹಿಂದೆ. ಕಕ್ಕಸು ಕುಕ್ಕುರುಗಾಲಿನದು, ಬೂಟು ಹಾಕಿದ ಕಾಲಿಗೆ ಕುಕ್ಕುರು ಕೂರಲು ಆಗುವುದಿಲ್ಲ ಎಂಬುದನ್ನು ಆಸ್ಪತ್ರೆಯ ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ. ಭಾವ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ತಂದು ಇಟ್ಟರು. ನನ್ನ ಇಡೀ ಚಿಕಿತ್ಸೆಯಲ್ಲಿ ಡಾಕ್ಟರ ಕತ್ತರಿಯ ನಂತರ ಎರಡನೇ ಸ್ಥಾನ ಆ ಕುರ್ಚಿಗೆ. ಸ್ನಾನಕ್ಕೆ ಕಾಲಿಗೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿದ್ದೆ. ಎರಡು ವಾರ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ತಲೆದಿಂಬಿನ ರಾಶಿಯ ಮೇಲಿಟ್ಟು ಮಲಗಿದ್ದು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ. ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ, ಇಲ್ಲವೇ ಉಸಿರು ಕಟ್ಟಿದ ಹಾಗಾದರೆ ರಾತ್ರಿಯೇ ಆಗಲಿ ಹೊರಡಬೇಕು ಎಂದು ಹೆಂಡತಿಗೆ ಎರಡು ಸಲ ಹೇಳಿ ಕಳಿಸಿದ್ದರು. ಅವಳು ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಳು.

ಊರುಗೋಲಿನ ಆ ದಿನಗಳಲ್ಲಿ ಕಲ್ಕುಡನ ನೆನಪಾಗದೆ ಇರಲಿಲ್ಲ. ಪಾಡ್ದನ ಎಂಬ ತುಳು ಜನಪದ ಹಾಡಿನ ಈ ಕತೆ ತುಳುನಾಡಿನವರಿಗೆ ಗೊತ್ತು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡ ಇಂಥದ್ದು ಬೇರೆಲ್ಲೂ ಮಾಡಬಾರದೆಂದು ಅಲ್ಲಿಯ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅವನು ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಬಂದು ಇಲ್ಲಿಯ ಗೊಮ್ಮಟನನ್ನು ಕಡೆದ. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು, ನಡುವೆ 172 ವರ್ಷ, ಒಬ್ಬನೇ ಹೇಗೆ ಮಾಡಿದ ಎಂದು ಓದಿದವರು ಕೇಳುತ್ತಾರೆ. ಪಾಡ್ದನಕ್ಕೆ ಇಸವಿಯ ಹಂಗಿಲ್ಲ. ನನಗಿದ್ದ ಪ್ರಶ್ನೆ ಬೇರೆ. ಒಂಟಿ ಕಾಲಲ್ಲಿ ನಿಂತು ಉಳಿ ಹಿಡಿದರೆ ಆ ಕಾಲಿನ ಗತಿ ಏನು? ಒಂದೇ ವಾರದಲ್ಲಿ ನನ್ನ ಬಲ ಹಿಮ್ಮಡಿಯೂ ನೋಯಲು ಶುರುವಾಗಿತ್ತು. ಆ ಕಾಲಿಗೆ ಮೆತ್ತನೆಯ ಎತ್ತರದ ಚಪ್ಪಲಿ ಹಾಕಿ ಬೂಟಿನ ಎತ್ತರಕ್ಕೆ ಸಮ ಮಾಡಿದ ಮೇಲೆ ಅದು ನಿಂತಿತು.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಬೂಟಿನಲ್ಲಿ ಭಾರ ಹಾಕಿ ನಡೆಯಲು ಬಿಟ್ಟರು. ಮಲಗುವಾಗಲೂ ಬೂಟು, ಪಾದ ಕೆಳಗೆ ವಾಲಿದರೆ ಕತ್ತರಿಸಿದ ಪೊರೆ ಗಿಡ್ಡವಾಗಿಯೇ ಕೂಡಿಕೊಳ್ಳುತ್ತದಲ್ಲ. ಆರನೇ ವಾರ ಬೂಟು ಹೋಯಿತು. ಬಿಚ್ಚಿ ನೋಡಿದರೆ ಎಡಗಾಲಿನ ಮೀನು ಬತ್ತಿ ಬಂಗುಡೆಯಿಂದ ಬೂತಾಯಿ ಆಗಿತ್ತು.

ಆದರೆ ಬೆಳಗಿನ ಮೊಳೆ? ಅದು ಒಂದು ದಿನ ಹೋದದ್ದಲ್ಲ. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ, ಒಲೆಗೆ ಬೆಂಕಿ ಹಾಕಿ, ಹಂಡೆಗೆ ನೀರು ತುಂಬಿಸಿದ ಮೇಲೆ ನೆನಪಾಯಿತು, ಇವತ್ತು ಮೊದಲ ಹೆಜ್ಜೆಯನ್ನು ನಾನು ಗಮನಿಸಲೇ ಇಲ್ಲ. ಹೆಂಡತಿಗೆ ಹೇಳಲಿಲ್ಲ, ದೃಷ್ಟಿ ತಾಗೀತು ಎಂದು. ಎಂಟು ದಿನ ಕಾದು ಹೇಳಿದೆ. "ನನಗೆ ಗೊತ್ತಿತ್ತು, ನೀವು ಎದ್ದ ಕೂಡಲೇ ಗೋಡೆ ಹಿಡಿಯುವ ಸದ್ದು ಕೇಳಿಸುತ್ತಿರಲಿಲ್ಲ" ಅಂದಳು.

ನೋವು ಹೋದರೂ ಬಲ ಬರಲಿಲ್ಲ, ನಿಜವಾದ ಕೆಲಸ ಅಲ್ಲಿಂದ. ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿಗೆ ವಾರಕ್ಕೆ ಎರಡು ದಿನ, ನಮ್ಮದೇ ಬಸ್ಸಿನಲ್ಲಿ, ಸೀಟಿನಲ್ಲಿ ಕೂತು. ಮೊದಲು ಕಾಲಿಗೆ ರಬ್ಬರ್ ಪಟ್ಟಿ ಹಾಕಿ ಎಳೆಯುವುದು. ಆಮೇಲೆ ಎರಡೂ ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು. ಡೆನ್ಮಾರ್ಕಿನವರು 2014ರಲ್ಲಿ ಪ್ರಕಟಿಸಿದ ಕ್ರಮ ಒಂದಿದೆ: ಕಾಲ್ಬೆರಳಿನ ಅಡಿ ಟವೆಲಿನ ಸುರುಳಿ ಇಟ್ಟು, ಮೂರು ಸೆಕೆಂಡು ಏರುವುದು, ಎರಡು ಸೆಕೆಂಡು ನಿಲ್ಲುವುದು, ಮೂರು ಸೆಕೆಂಡು ಇಳಿಯುವುದು, ದಿನ ಬಿಟ್ಟು ದಿನ. ಅದು ಆಪರೇಷನ್ ಇಲ್ಲದೆ ಹಿಮ್ಮಡಿ ನೋವು ಕಳೆಯಲೆಂದೇ ಮಾಡಿದ್ದು. ಫಿಸಿಯೋದ ಹುಡುಗಿ ನನಗೂ ಕೊನೆಗೆ ಅದನ್ನೇ ಹೇಳಿಕೊಟ್ಟಳು. ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಲು ನಾಲ್ಕೂವರೆ ತಿಂಗಳು ಹಿಡಿಯಿತು, ಅದೂ ಒಂದು ಸಲ, ಅಂಗಿ ಹಿಂಡುವಷ್ಟು ಬೆವರು. ವರ್ಷ ತುಂಬಿದಾಗ ಹದಿನೆಂಟು ಸಲ ಆಗುತ್ತಿತ್ತು. ಬಲಗಾಲಿನಲ್ಲಿ ಇಪ್ಪತ್ತೈದು.

ಅಕ್ಟೋಬರಿನಲ್ಲಿ ಕೆಲಸಕ್ಕೆ ಹೋದೆ. ಮೊದಲ ದಿನ ಗುರುವಾಯನಕೆರೆಯಲ್ಲಿ ಒಬ್ಬರು ಅಜ್ಜಿ ಹತ್ತಿ, "ಕಂಡಕ್ಟ್ರೇ, ಎಲ್ಲಿ ಹೋಗಿದ್ರಿ, ನಿಮ್ಮ ಜಾಗಕ್ಕೆ ಬಂದವ ಚಿಲ್ಲರೆಯೇ ಕೊಡುವುದಿಲ್ಲ" ಎಂದು ದೂರಿದರು. ಈಗ ನಾನು ಫುಟ್‌ಬೋರ್ಡಿನಲ್ಲಿ ಮುಂಗಾಲ ಮೇಲೆ ನಿಲ್ಲುವುದಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಎರಡೂ ಹಿಮ್ಮಡಿ ಊರಿಯೇ ನಿಲ್ಲುವುದು. ಹೊರಟ ಬಸ್ಸಿಗೆ ಹಾರುವುದನ್ನೂ ಬಿಟ್ಟಿದ್ದೇನೆ, ಬಿಡಬೇಕಾದ ಚಟವೇ ಅದು. ಎರಡು ಟ್ರಿಪ್ಪಿನ ನಡುವೆ ಬೆದ್ರ ಸ್ಟ್ಯಾಂಡಿನ ಗೋಡೆಗೆ ಕೈ ಕೊಟ್ಟು ಒಂದು ಬೀಡಿಯ ಹೊತ್ತು ಕಾಲು ಚಾಚುತ್ತೇನೆ. ಬೇರೆ ಬಸ್ಸಿನ ಹುಡುಗರು ನಗುತ್ತಾರೆ. ಅವರಲ್ಲಿ ಇಬ್ಬರಿಗೆ ಬೆಳಗಿನ ಮೊದಲ ಹೆಜ್ಜೆ ನೋಯುತ್ತಿದೆ ಎಂದು ನನಗೆ ಗೊತ್ತು. ಅವರಿಗೆ ನಾನು ಆಪರೇಷನ್ನಿನ ಸುದ್ದಿ ಹೇಳಿಲ್ಲ. ಮೊಣಕಾಲು ನೇರ ಇಟ್ಟು ಗೋಡೆ ತಳ್ಳುವುದನ್ನು ಮಾತ್ರ ತೋರಿಸಿದ್ದೇನೆ. ಸಕ್ಕರೆ ಕಾಯಿಲೆ ಇರುವ ಒಬ್ಬನಿಗೆ, ಗೋಡೆ ಆಮೇಲೆ, ಮೊದಲು ಕಾಲಿನ ನರ, ರಕ್ತ ಓಡಾಟ ಪರೀಕ್ಷೆ ಮಾಡಿಸು ಎಂದೆ.

ಚಾದಂಗಡಿಯ ತೀರ್ಪು ಮಾತ್ರ ಬದಲಾಗಿಲ್ಲ. ಜಾಗ ತಪ್ಪಿ ಕುಯ್ದರೂ ಗುಣವಾಯಿತಲ್ಲ, ದೈವದ ಕಾರ್ಣಿಕ ಎನ್ನುತ್ತಾರೆ.

ಪಾದದ ಹೊರಮಗ್ಗುಲಲ್ಲಿ, ಕಿರುಬೆರಳಿನ ಹಿಂದೆ, ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಜೋಮು. ಡಾಕ್ಟರು ಮೊದಲೇ ಹೇಳಿದ್ದ ಆ ನರದ್ದೇ ಕೆಲಸ. ಸಂಜೆ ಜಗಲಿಯಲ್ಲಿ ಕೂತರೆ ಸೊಳ್ಳೆಗಳು ಅಲ್ಲೇ ಕೂತು ಕಚ್ಚುತ್ತವೆ, ನನಗೆ ಗೊತ್ತಾಗುವುದಿಲ್ಲ. ಹೆಂಡತಿ ತಡ್ಪೆ ಪಕ್ಕಕ್ಕಿಟ್ಟು ಬಂದು ಹೊಡೆಯುತ್ತಾಳೆ.